ಕಿತ್ತೂರಿನ ಥ್ಯಾಕರೆ ಎಲ್ಲಿಯವನು? ಅಪರೂಪದ ಇಂಗ್ಲಿಷ್ ಅಡ್ಡಹೆಸರಿನ ಬೇರು ಹುಡುಕುವ ದಾರಿ

ಲೀಡ್ಸ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಒಂದು ದಿನ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಹಳೇ ಕಾಲದ ದೊಡ್ಡ ಕಟ್ಟಡ, ಅದರ ಮೇಲೆ ಥ್ಯಾಕ್ರೆ ಮ್ಯೂಸಿಯಂ ಅಂತ ಬೋರ್ಡು. ಕೆಳಗೆ ಒಂದೇ ಸಾಲು: "ನಿಮ್ಮ ಕಿತ್ತೂರ ಥ್ಯಾಕರೆ ಇಲ್ಲೂ ಅದಾನ ನೋಡೋ."

ನಮ್ಮ ಕಡೆ ಶಾಲೆ ಓದಿದವರಿಗೆ ಈ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. 1824ರ ಅಕ್ಟೋಬರ್ 23, ಕಿತ್ತೂರು ಕೋಟೆ, ರಾಣಿ ಚೆನ್ನಮ್ಮ, ಅಮಟೂರು ಬಾಳಪ್ಪನ ಗುಂಡು, ನೆಲಕ್ಕುರುಳಿದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಈ ಥ್ಯಾಕರೆ ಅನ್ನುವುದು ಏನು? ಸ್ಮಿತ್, ಬ್ರೌನ್ ಥರ ಎಲ್ಲೆಲ್ಲೂ ಸಿಗುವ ಹೆಸರಲ್ಲ. ಎಲ್ಲಿಂದ ಬಂತು, ಎಷ್ಟು ಜನ ಇದ್ದಾರೆ, ಲೀಡ್ಸ್‌ನ ಬೋರ್ಡಿನ ಮೇಲೆ ಯಾಕಿದೆ? ಅದನ್ನು ಹುಡುಕಿಕೊಂಡು ಹೋಗಿ ನಾನು ಕಲಿತದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಹಳೇ ಸಮಾಧಿ ಕಲ್ಲಿನ ಮೇಲಿನ ಹೆಸರೋ, ಬೆಂಗಳೂರಿನ ರಸ್ತೆಯ ಹೆಸರೋ, ನಿಮ್ಮ ಆಂಗ್ಲೋ ಇಂಡಿಯನ್ ಗೆಳೆಯರ ಮನೆ ಹೆಸರೋ, ಯಾವುದಕ್ಕಾದರೂ ಇದೇ ದಾರಿ. ಬಹುಪಾಲು ಕೆಲಸ ಮನೆಯಲ್ಲೇ ಕೂತು, ದುಡ್ಡು ಕೊಡದೆ ಮಾಡಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ಎಲ್ಲರೂ ಮಾಡುವ ತಪ್ಪು ಏನೆಂದರೆ ಮೊದಲೇ ಅರ್ಥ ಹುಡುಕಲು ಹೋಗುವುದು. ನಾನೂ ಅದನ್ನೇ ಮಾಡಿದೆ. ಗೂಗಲ್‌ನಲ್ಲಿ ಹೆಸರು ಹಾಕಿದೆ, ಯಾವುದೋ ಅಂಗಡಿಯವರು 'ನಿಮ್ಮ ಮನೆತನದ ಲಾಂಛನ' ಅಂತ ಚೆಂದದ ಗುರಾಣಿಯ ಚಿತ್ರ, ಅದರ ಕೆಳಗೆ ಒಂದು ಪ್ಯಾರಾ ಇತಿಹಾಸ ಮಾರುತ್ತಿದ್ದರು. ದುಡ್ಡು ಕೊಟ್ಟು ತರಿಸಿಕೊಂಡೆ. ಸುಮ್ನೆ ದಂಡ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ನೇರ ವಂಶಕ್ಕೆ. ಅಡ್ಡಹೆಸರಿಗೆ ಲಾಂಛನ ಅಂತ ಇರುವುದೇ ಇಲ್ಲ. ಈ ವ್ಯವಹಾರ ನೋಡಿಕೊಳ್ಳುವ ಕಾಲೇಜ್ ಆಫ್ ಆರ್ಮ್ಸ್ ಅನ್ನುವ ಸಂಸ್ಥೆ 1484ರಿಂದ ಇದೆ, ಅವರೇ ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಆದ್ದರಿಂದ ಅರ್ಥವನ್ನು ಪಕ್ಕಕ್ಕಿಡಿ. ಮೊದಲು ಎಣಿಸಬೇಕು. ಅರ್ಥ ಆಮೇಲೆ ತಾನಾಗಿ ಬರುತ್ತದೆ, ಬಂದಾಗ ಅದನ್ನು ನಂಬುವುದಕ್ಕೆ ಕಾರಣವೂ ಕೈಯಲ್ಲಿ ಇರುತ್ತದೆ.

ಹೆಜ್ಜೆ 1: ಸ್ಪೆಲ್ಲಿಂಗ್‌ಗಳ ಪಟ್ಟಿ ಮಾಡಿ

ನಮ್ಮ ಮನೆಯ ಹೆಸರೇ ರೇಷನ್ ಕಾರ್ಡಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ, ಆಧಾರ್‌ನಲ್ಲಿ ಮತ್ತೊಂದು ಥರ ಇದೆ. ಇನ್ನು 300 ವರ್ಷದ ಹಿಂದಿನ ಇಂಗ್ಲೆಂಡಿನ ಹಳ್ಳಿಯ ಗತಿ ಏನಿರಬೇಕು ಯೋಚಿಸಿ. ರೈತನಿಗೆ ಓದು ಬರಹ ಬರುತ್ತಿರಲಿಲ್ಲ, ಚರ್ಚಿನ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತಿದ್ದ. ಹಾಗಾಗಿ ಒಂದೇ ಹೆಸರು ಥ್ಯಾಕರೆ, ಥ್ಯಾಕ್ರೆ, ಥ್ಯಾಕ್ರಾ, ಥ್ಯಾಕರಾ, ಥ್ಯಾಕರಿ ಅಂತೆಲ್ಲ ಆಗಿದೆ. ಮಧ್ಯದಲ್ಲಿ ಒಂದು ಡಬ್ಲ್ಯೂ ಅಕ್ಷರ ಇಟ್ಟುಕೊಂಡ ಥ್ಯಾಕ್‌ವ್ರೇ ಅನ್ನುವ ರೂಪವೂ ಇದೆ. ಈ ಡಬ್ಲ್ಯೂ ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಇವರಲ್ಲಿ ಕೆಲವರು ಹೆಸರುವಾಸಿ. ಗಿರಣಿ ಕೆಲಸಗಾರರಿಗೆ, ಟೈಲರ್‌ಗಳಿಗೆ ಅವರವರ ಕಸುಬಿನಿಂದ ಯಾವ ಕಾಯಿಲೆ ಬರುತ್ತದೆ ಅಂತ 1831ರಲ್ಲಿ ಬರೆದು ಹೆಸರು ಮಾಡಿದ ಲೀಡ್ಸ್‌ನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಒಬ್ಬ. 1902ರಲ್ಲಿ ಅದೇ ಊರಿನಲ್ಲಿ ಔಷಧ ಅಂಗಡಿ ನಡೆಸಲು ಶುರು ಮಾಡಿ, ಮುಂದೆ ಆಪರೇಷನ್ ಸಲಕರಣೆಗಳ ದೊಡ್ಡ ಕಂಪನಿ ಕಟ್ಟಿದ ಚಾರ್ಲ್ಸ್ ಎಫ್. ಥ್ಯಾಕ್ರೆ ಇನ್ನೊಬ್ಬ. ನನ್ನ ಗೆಳೆಯ ಕಳಿಸಿದ ಫೋಟೊದಲ್ಲಿದ್ದದ್ದು ಈ ಎರಡನೆಯವನ ಹೆಸರು. ಮ್ಯೂಸಿಯಂ ತೆರೆದದ್ದು 1997ರಲ್ಲಿ, ಕಟ್ಟಡ ಮಾತ್ರ ಒಂದು ಕಾಲದಲ್ಲಿ ಬಡವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್.

ಹುಡುಕುವಾಗ ಒಂದು ಉಪಾಯ: ಹೆಸರಿನ ಮೊದಲ ಐದು ಇಂಗ್ಲಿಷ್ ಅಕ್ಷರ ಮಾತ್ರ ಟೈಪ್ ಮಾಡಿ, ಮುಂದೆ ನಕ್ಷತ್ರದ ಚಿಹ್ನೆ ಹಾಕಿ. ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಆದರೆ ಅದರ ಜೊತೆ ಕಳೆಯೂ ಬರುತ್ತದೆ. ಥ್ಯಾಕರ್ ಅಂತ ಬಂದರೆ ಅದು ಬೇರೆ, ಹುಲ್ಲಿನ ಚಾವಣಿ ಹೊದಿಸುವ ಕಸುಬಿನವರ ಹೆಸರು. ಥ್ಯಾಕ್‌ವೆಲ್ ಕೂಡ ಬೇರೆಯೇ. ಇವನ್ನು ಕಿತ್ತು ಬೇರೆ ಕಾಲಂನಲ್ಲಿಡಿ, ಬಿಸಾಡಬೇಡಿ. ಇನ್ನೊಂದು, ಹಳೇ ಕೈಬರಹದ ಟಿ ಅಕ್ಷರ ಎಷ್ಟೋ ಸಲ ಎಫ್ ಥರ ಕಾಣಿಸುತ್ತದೆ. ಕಂಪ್ಯೂಟರಿಗೆ ಏರಿಸಿದವರು ಹಾಗೇ ಏರಿಸಿರುತ್ತಾರೆ. ಯಾವುದಾದರೂ ಕುಟುಂಬ ಇದ್ದಕ್ಕಿದ್ದಂತೆ ಮಾಯವಾದರೆ ಅವರು ಸತ್ತಿರಲಿಕ್ಕಿಲ್ಲ, ಎಫ್ ಅಕ್ಷರದ ಕೆಳಗೆ ಕೂತಿರುತ್ತಾರೆ.

ಹೆಜ್ಜೆ 2: 1881ಕ್ಕೆ ಹೋಗಿ ಎಣಿಸಿ

ಬ್ರಿಟನ್ನಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ. ಎಲ್ಲ ಬಿಟ್ಟು 1881 ಯಾಕೆ ಅಂದರೆ, ಆ ವರ್ಷದ ಇಡೀ ಗಣತಿಯನ್ನು ಸ್ವಯಂಸೇವಕರು ಕೂತು ಕಂಪ್ಯೂಟರಿಗೆ ಏರಿಸಿದ್ದಾರೆ, ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ನೋಡಬಹುದು. ಲೆಕ್ಕ ಹಿಡಿದದ್ದು ಏಪ್ರಿಲ್ 3ರ ರಾತ್ರಿ, ಆ ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರೋ ಅಲ್ಲೇ. (ಅದೇ ವರ್ಷ ಫೆಬ್ರುವರಿ 17ಕ್ಕೆ ನಮ್ಮಲ್ಲೂ ಇಡೀ ದೇಶಕ್ಕೆ ಒಂದೇ ದಿನದ ಮೊದಲ ಗಣತಿ ಆಗಿತ್ತು. ಆದರೆ ನಮ್ಮ ಅಜ್ಜ ಮುತ್ತಜ್ಜರ ಹೆಸರಿದ್ದ ಹಾಳೆಗಳು ಹೀಗೆ ಸಿಗುವುದಿಲ್ಲ.)

ಒಂದು ಸಾಲು ಹತ್ತಿರದಿಂದ ನೋಡಿ. ಎಡಗಡೆ ಬೀದಿಯ ಹೆಸರು. ಆಮೇಲೆ ವ್ಯಕ್ತಿಯ ಹೆಸರು, ಮನೆಯ ಯಜಮಾನನಿಗೆ ಏನಾಗಬೇಕು, ಮದುವೆ ಆಗಿದೆಯೋ ಇಲ್ಲವೋ, ವಯಸ್ಸು, ಕಸುಬು. ಬಲಗಡೆಗೆ ಬಂದರೆ 'ಎಲ್ಲಿ ಹುಟ್ಟಿದ್ದು' ಅನ್ನುವ ಕಾಲಂ. ಹೆಚ್ಚಿನವರು ಹೆಸರು ನೋಡಿ ಮುಂದೆ ಹೋಗಿಬಿಡುತ್ತಾರೆ, ಆದರೆ ನಿಮ್ಮ ಕೆಲಸಕ್ಕೆ ಬೇಕಾದ ಬಂಗಾರ ಇರುವುದು ಈ ಕಾಲಂನಲ್ಲಿ. ಲೀಡ್ಸ್‌ನ ಗಿರಣಿ ಬೀದಿಯಲ್ಲಿ ಇರುವ 60 ವರ್ಷದ ಮುದುಕ ಹುಟ್ಟಿದ್ದು ಯಾವುದೋ ಹಳ್ಳಿಯಲ್ಲಿ. ಕೆಲಸಕ್ಕೆ ಅಂತ ಊರು ಬಿಟ್ಟವನು. ಅವನ ವಿಳಾಸ ಎಣಿಸಿದರೆ ಗಿರಣಿಗಳ ನಕ್ಷೆ ಸಿಗುತ್ತದೆ. ಹುಟ್ಟಿದೂರು ಎಣಿಸಿದರೆ ಹೆಸರಿನ ನಕ್ಷೆ ಸಿಗುತ್ತದೆ. ಎರಡನ್ನೂ ಬೇರೆ ಬೇರೆ ಎಣಿಸಿ. 50 ವರ್ಷ ದಾಟಿದವರ ಹುಟ್ಟಿದೂರುಗಳನ್ನು ಮಾತ್ರ ಆರಿಸಿ ಇಟ್ಟರೆ ಇನ್ನೂ ಒಳ್ಳೆಯದು, ರೈಲು ಬರುವ ಮುಂಚಿನ ಕಾಲದ ಹತ್ತಿರ ಹೋದ ಹಾಗಾಗುತ್ತದೆ.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡಿ. ಬರೀ ತಲೆ ಎಣಿಸಿದರೆ ಯಾವ ಹೆಸರಾದರೂ ಲಂಡನ್ನಿನಲ್ಲಿ ಜಾಸ್ತಿ ಇದ್ದಂತೆ ಕಾಣುತ್ತದೆ. ಅಲ್ಲಿ ಜನವೇ ಜಾಸ್ತಿ ಅಲ್ವಾ? ಅದಕ್ಕೆ ಲಕ್ಷಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಕು. ಉದಾಹರಣೆಗೆ ಅಂತ ಹಿಡಿಯಿರಿ, 40 ಲಕ್ಷ ಜನ ಇರುವ ಊರಿನಲ್ಲಿ 80 ಜನಕ್ಕೆ ಈ ಹೆಸರು, 12 ಲಕ್ಷ ಇರುವ ಜಿಲ್ಲೆಯಲ್ಲಿ 60 ಜನಕ್ಕೆ. ಮೊದಲನೆಯದು ಲಕ್ಷಕ್ಕೆ 2, ಎರಡನೆಯದು ಲಕ್ಷಕ್ಕೆ 5. ಹೆಸರಿನ ತವರು ಎರಡನೆಯ ಕಡೆ ಇರುವ ಸಾಧ್ಯತೆ ಹೆಚ್ಚು. ಎಕ್ಸೆಲ್ ಬಂದರೆ ಹತ್ತು ನಿಮಿಷದ ಕೆಲಸ.

ಥ್ಯಾಕರೆ ಕೂಟದ ಹೆಸರುಗಳಿಗೆ ಹೀಗೆ ಮಾಡಿದಾಗ ನಕ್ಷೆಯಲ್ಲಿ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಯಾರ್ಕ್‌ಶೈರ್, ಅದರಲ್ಲೂ ಅದರ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್, ಅದರಲ್ಲೂ ಲೀಡ್ಸ್ ಮತ್ತು ಅದರ ಉತ್ತರಕ್ಕಿರುವ ಹಳ್ಳಿಗಳು. ಈ ರೈಡಿಂಗ್ ಅನ್ನುವುದಕ್ಕೂ ಕುದುರೆ ಸವಾರಿಗೂ ಸಂಬಂಧ ಇಲ್ಲ, 'ಮೂರನೇ ಒಂದು ಪಾಲು' ಅನ್ನುವ ವೈಕಿಂಗರ (ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದು ಇಲ್ಲಿ ನೆಲೆಸಿದವರು) ಮಾತು ಸವೆದು ಹಾಗಾಗಿದೆ. ವೈಕಿಂಗರು ಇನ್ನೊಂದು ಸಲ ಬರುತ್ತಾರೆ. 1974ರಲ್ಲಿ ಈ ಜಿಲ್ಲೆಗಳ ಗಡಿ ಬದಲಾಯಿಸಿದ್ದಾರೆ, ಹಾಗಾಗಿ ಹಳೇ ದಾಖಲೆಯಲ್ಲಿ ವೆಸ್ಟ್ ರೈಡಿಂಗ್ ಅಂತ ಇರುವ ಹಳ್ಳಿ ಈಗ ನಾರ್ತ್ ಯಾರ್ಕ್‌ಶೈರ್‌ನಲ್ಲಿ ಇರಬಹುದು. ನಮ್ಮ ಗದಗ, ಹಾವೇರಿ ಒಂದು ಕಾಲಕ್ಕೆ ಧಾರವಾಡ ಜಿಲ್ಲೆಯೇ ಆಗಿದ್ದವಲ್ಲ, ಹಾಗೆ.

ಹೆಜ್ಜೆ 3: ಈಗಿನ ನಕ್ಷೆಯನ್ನು ಅನುಮಾನದಿಂದ ನೋಡಿ

ಪ್ರಪಂಚದಲ್ಲಿ ಯಾವ ಹೆಸರು ಎಲ್ಲಿದೆ ಅಂತ ಬಣ್ಣ ಬಳಿದು ತೋರಿಸುವ ತಾಣಗಳು ಬೇಕಾದಷ್ಟಿವೆ. ನೋಡಲು ಮಜಾ ಇರುತ್ತದೆ. ಆದರೆ ಥ್ಯಾಕರೆ ಅಂತ ಇಂಗ್ಲಿಷಿನಲ್ಲಿ ಹಾಕಿದಾಗ ಮುಂಬೈ ಕಡೆ ಚುಕ್ಕಿ ಕಂಡರೆ 'ಓಹೋ, ಕಂಪನಿ ಸರ್ಕಾರದವರ ಸಂತಾನ' ಅಂತ ಕಥೆ ಕಟ್ಟಬೇಡಿ. ಅದು ಮರಾಠಿಯ ಠಾಕ್ರೆ. ಬಾಳ್ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಅವರಿಗೆ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಅಂದರೆ ಇಷ್ಟವಿತ್ತು, ಅದಕ್ಕೇ ತಮ್ಮ ಹೆಸರಿಗೆ ಅವನ ಸ್ಪೆಲ್ಲಿಂಗ್ ಇಟ್ಟುಕೊಂಡರು ಅಂತ ಹೇಳುತ್ತಾರೆ. ಬೇರು ಬೇರೆ, ಎಲೆ ಒಂದೇ. ತಮಾಷೆ ಏನೆಂದರೆ ಕನ್ನಡದಲ್ಲಿ ಬರೆದಾಗ ಈ ಗೊಂದಲವೇ ಇಲ್ಲ. ನಮ್ಮಲ್ಲಿ ಠ ಬೇರೆ, ಥ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ ಅವೇ ಎರಡು ಅಕ್ಷರ.

ಇನ್ನೂ ಒಂದು ಸ್ವಾರಸ್ಯ ಇದೆ. ಆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಹುಟ್ಟಿದ್ದು 1811ರಲ್ಲಿ, ಕಲ್ಕತ್ತಾದಲ್ಲಿ. ಕಿತ್ತೂರಿನಲ್ಲಿ ಸತ್ತವನು ಅವನ ಚಿಕ್ಕಪ್ಪ. ಅಂದರೆ ಮುಂಬೈಯ ಠಾಕ್ರೆಗಳ ಸ್ಪೆಲ್ಲಿಂಗು ಮತ್ತು ನಮ್ಮ ಪಠ್ಯಪುಸ್ತಕದ ಥ್ಯಾಕರೆ ಒಂದೇ ಮನೆಯಿಂದ ಬಂದದ್ದು!

ಹೆಜ್ಜೆ 4: ಹಿಂದಕ್ಕೆ ನಡೆಯಿರಿ, ಹಾರಬೇಡಿ

1881ರಿಂದ ಒಮ್ಮೆಲೇ ವೈಕಿಂಗರ ಕಾಲಕ್ಕೆ ಹಾರುವವರು ಜಾಸ್ತಿ. ಮಧ್ಯದ 800 ವರ್ಷ ಯಾರು ದಾಟಬೇಕು? ಒಂದೊಂದೇ ಮೆಟ್ಟಿಲು ಇಳಿಯಬೇಕು.

ಮೊದಲ ಮೆಟ್ಟಿಲು 1837ರ ಜುಲೈ 1. ಆವತ್ತಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣ ಸರ್ಕಾರಿ ದಾಖಲೆಯಾಯಿತು. ಫ್ರೀಬಿಎಂಡಿ ಅನ್ನುವ ತಾಣದಲ್ಲಿ ಈ ಸೂಚಿಯನ್ನು ಉಚಿತವಾಗಿ ನೋಡಬಹುದು. ಅಪರೂಪದ ಹೆಸರಾದರೆ ಆ ಹೆಸರಿನ ಎಲ್ಲ ಜನನಗಳನ್ನೂ ಹೊರತೆಗೆದು ಒಂದೇ ಹಾಳೆಯಲ್ಲಿ ಹಾಕಬಹುದು. ಸ್ಮಿತ್ ಹೆಸರಿನವರು ಇದನ್ನು ಕನಸಿನಲ್ಲೂ ಮಾಡಲಾರರು. ಅಪರೂಪದ ಹೆಸರು ಹುಡುಕುವವರಿಗೆ ಇರುವ ಸುಖ ಇದೊಂದು.

1841ರ ಗಣತಿ ಹೆಸರುಗಳಿರುವ ಮೊದಲ ಗಣತಿ, ಆದರೆ ಸ್ವಲ್ಪ ಒರಟು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕಿತ್ತು, 34 ಇದ್ದವನು 30. ಹುಟ್ಟಿದೂರು ಕೇಳಲಿಲ್ಲ, ಇದೇ ಜಿಲ್ಲೆಯಲ್ಲಿ ಹುಟ್ಟಿದ್ದೋ ಅಲ್ಲವೋ ಅಂತ ಮಾತ್ರ. ಈ ಕಡೆಗೆ ಬಂದರೆ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು, 1941ರಲ್ಲಿ ಯುದ್ಧ ಅಂತ ಗಣತಿಯೇ ಆಗಲಿಲ್ಲ. ಆ ಕಂದಕ ದಾಟಲು 1939ರ ಸೆಪ್ಟೆಂಬರ್‌ನಲ್ಲಿ ಮಾಡಿದ ರಿಜಿಸ್ಟರ್ ಇದೆ.

1837ಕ್ಕಿಂತ ಹಿಂದೆ ಹೋದರೆ ನಿಮಗೆ ಚರ್ಚೇ ಗತಿ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ, ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳಿದ್ದು ಬರೆದಿಡಬೇಕು ಅಂತ. ಅಷ್ಟು ಹಳೆಯವು ಎಲ್ಲ ಕಡೆ ಉಳಿದಿಲ್ಲ. ನಮ್ಮ ಕಥೆಗೆ ಬೇಕಾದ ಹ್ಯಾಂಪ್ಸ್‌ತ್ವೇಟ್ ಹಳ್ಳಿಯದು 1603ರಿಂದ ಸಿಗುತ್ತದೆ, ಅಚ್ಚೂ ಆಗಿದೆ. ಲೀಡ್ಸ್‌ನ ಉತ್ತರಕ್ಕೆ, ನಿಡ್ ನದಿಯ ದಂಡೆಯ ಊರು.

ರಿಜಿಸ್ಟರ್ ಓದುವಾಗ ಎರಡು ವಿಷಯ ಗಮನಿಸಿ. 1754ರ ನಂತರ ಮದುವೆಗೆ ವಧು, ವರ, ಸಾಕ್ಷಿಗಳು ಸಹಿ ಹಾಕಬೇಕಾಯಿತು. ಸಹಿ ಇದ್ದರೆ ಆ ಸ್ಪೆಲ್ಲಿಂಗ್ ಅವನದೇ. ಹೆಸರಿನ ಪಕ್ಕ ಬರೀ ಗುಣಾಕಾರದ ಗುರುತಿದ್ದರೆ ಸ್ಪೆಲ್ಲಿಂಗ್ ಗುಮಾಸ್ತನದು. ಅಣ್ಣ ತಮ್ಮ ಇಬ್ಬರ ಹೆಸರು ಎರಡು ಥರ ಇದ್ದರೆ ಜಗಳ ಆಗಿ ಬೇರೆಯಾದರು ಅಂತ ಊಹಿಸುವ ಮುಂಚೆ ಈ ಗುರುತು ನೋಡಿ.

ಎರಡನೆಯದು ವರ್ಷದ ಗೊಂದಲ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಯುಗಾದಿಯ ಆಸುಪಾಸು ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ರಿಜಿಸ್ಟರಿನಲ್ಲಿ 1702ರ ಫೆಬ್ರುವರಿ ಅಂತ ಇದ್ದರೆ ಅದು ನಮ್ಮ ಲೆಕ್ಕಕ್ಕೆ 1703. ಇದು ಗೊತ್ತಿಲ್ಲದೆ ನಾನು ಒಂದು ಮಗುವನ್ನು ಅದರ ಅಪ್ಪ ಅಮ್ಮನ ಮದುವೆಗೆ ಮುಂಚೆಯೇ ಹುಟ್ಟಿಸಿ, ಗೆಳೆಯನಿಗೆ ಉದ್ದನೆಯ ಮೆಸೇಜು ಬೇರೆ ಕಳಿಸಿದ್ದೆ.

ಉಯಿಲುಗಳನ್ನು ಮರೆಯಬೇಡಿ. ಉಯಿಲಿನಲ್ಲಿ ಅಳಿಯ, ತಂಗಿಯ ಮಗ, ಹಸು, ತಾಮ್ರದ ಹಂಡೆ ಎಲ್ಲ ಬರುತ್ತದೆ, ಒಂದೇ ಹಾಳೆಯಲ್ಲಿ ಅರ್ಧ ಬಳಗ ಸಿಕ್ಕಿಬಿಡುತ್ತದೆ. ಯಾರ್ಕ್ ಸೀಮೆಯ ಉಯಿಲುಗಳು ಹೆಚ್ಚಾಗಿ ಯಾರ್ಕ್‌ನ ಬೋರ್ಥ್‌ವಿಕ್ ಸಂಸ್ಥೆಯಲ್ಲಿವೆ. ಆದರೆ ಹ್ಯಾಂಪ್ಸ್‌ತ್ವೇಟ್ ಸುತ್ತಿನ ನೇರ್ಸ್‌ಬರೋ ಅರಣ್ಯದ ಹಳ್ಳಿಗಳವರು ತಮ್ಮದೇ ಜಮೀನ್ದಾರಿ ಕೋರ್ಟಿನಲ್ಲಿ ಉಯಿಲು ದಾಖಲಿಸುತ್ತಿದ್ದರು. ಅವು ಬೇರೆ, 1900ರ ದಶಕದ ಮೊದಲಲ್ಲೇ ಎರಡು ಸಂಪುಟವಾಗಿ ಅಚ್ಚಾಗಿವೆ. ಇಂಥ 'ಬೇರೆ ಕೋರ್ಟು'ಗಳು ಇಂಗ್ಲೆಂಡಿನ ತುಂಬ ಇವೆ. ಒಂದು ಕಡೆ ಸಿಗಲಿಲ್ಲ ಅಂದ ತಕ್ಷಣ ಇಲ್ಲ ಅಂತ ಬರೆದುಬಿಡಬೇಡಿ.

ಹೆಜ್ಜೆ 5: ತೆರಿಗೆಯವರು ಬರೆದಿಟ್ಟದ್ದು

ಚರ್ಚಿನ ಪುಸ್ತಕ ಉಳಿಯದ ಕಡೆ, ಅಥವಾ ಅದಕ್ಕಿಂತ ಹಿಂದೆ ಹೋಗಬೇಕಾದರೆ, ತೆರಿಗೆ ಪಟ್ಟಿಯೇ ದಾರಿ. 1662ರಿಂದ 1689ರವರೆಗೆ ಮನೆಯ ಒಲೆಗಳ ಮೇಲೆ ತೆರಿಗೆ ಇತ್ತು, ಎಷ್ಟು ಒಲೆ ಅಷ್ಟು ದುಡ್ಡು. ಅದಕ್ಕೂ ಹಿಂದೆ 1379ರ ತಲೆತೆರಿಗೆ. ವೆಸ್ಟ್ ರೈಡಿಂಗ್‌ನ ಪಟ್ಟಿ ಚೆನ್ನಾಗಿ ಉಳಿದಿದೆ, ಊರು ಊರಿನ ಲೆಕ್ಕದಲ್ಲಿ. 16 ದಾಟಿದವರೆಲ್ಲ ಕೊಡಬೇಕು, ಗಂಡ ಹೆಂಡತಿ ಸೇರಿ ಒಂದು ಲೆಕ್ಕ, ಸಾಮಾನ್ಯ ಕೂಲಿ ರೈತನಿಗೆ ನಾಲ್ಕು ಪೆನ್ಸ್. ಬಡಗಿ, ಕಮ್ಮಾರ, ನೇಯುವವನು ಅಂತ ಕಸುಬು ಇದ್ದವರಿಗೆ ಸ್ವಲ್ಪ ಜಾಸ್ತಿ.

ಇಲ್ಲಿ ನೋಡಬೇಕಾದದ್ದು ಹೆಸರಿನ ಮಧ್ಯದ 'ಡಿ' ಅನ್ನುವ ತುಣುಕು. ರಾಬರ್ಟ್ ಡಿ ಇಂಥಾ ಊರು ಅಂದರೆ ಆ ಊರಿನ ರಾಬರ್ಟ್. ಮೈಸೂರು ಅನಂತಸ್ವಾಮಿ, ಬೆಂಗಳೂರು ನಾಗರತ್ನಮ್ಮ ಅನ್ನುವ ಹಾಗೆ. ಅವನು ಆ ಊರಲ್ಲೇ ಇದ್ದರೆ ಎಲ್ಲರೂ ಅದೇ ಊರಿನವರು, ಹೆಸರಿಗೆ ಊರು ಸೇರಿಸುವ ಅಗತ್ಯವೇ ಇಲ್ಲ. ಸೇರಿಸಿದ್ದಾರೆ ಅಂದರೆ ಪಕ್ಕದ ಊರಿಗೆ ಬಂದಿದ್ದಾನೆ ಅಂತ. ಆದ್ದರಿಂದ ಊರಿನ ಹೆಸರು ಹೊತ್ತವರು ಆ ಊರಿನಲ್ಲಿ ಸಿಗದೆ ಅದರ ಸುತ್ತ ಹತ್ತಾರು ಮೈಲಿಯಲ್ಲಿ ಸಿಗುವುದು ವಾಡಿಕೆ. ಹುಬ್ಬಳ್ಳಿ ಅನ್ನುವ ಅಡ್ಡಹೆಸರಿನವರನ್ನು ಗದಗದಲ್ಲಿ ಹುಡುಕಿದ ಹಾಗೆ!

ಹೆಜ್ಜೆ 6: ಈಗ ಅರ್ಥ ನೋಡಿ

ಈಗ ನಕ್ಷೆ ಕೈಯಲ್ಲಿದೆ, ಹಳೇ ಸ್ಪೆಲ್ಲಿಂಗ್‌ಗಳಿವೆ. ಈಗ ನಿಘಂಟು ತೆಗೆಯಬಹುದು. ಪಿ.ಎಚ್. ರೀನೀ 1958ರಲ್ಲಿ ಮಾಡಿದ ಅಡ್ಡಹೆಸರುಗಳ ನಿಘಂಟು ಬಹಳ ಕಾಲ ಎಲ್ಲರ ಕೈಪಿಡಿಯಾಗಿತ್ತು. 2016ರಲ್ಲಿ ಆಕ್ಸ್‌ಫರ್ಡ್‌ನವರದು ನಾಲ್ಕು ಸಂಪುಟದಲ್ಲಿ ಬಂತು, 45,000ಕ್ಕೂ ಹೆಚ್ಚು ಹೆಸರುಗಳಿವೆ. ನೀವು ಅಥವಾ ನಿಮ್ಮವರು ಬ್ರಿಟನ್ನಿನಲ್ಲಿದ್ದರೆ ಅಲ್ಲಿನ ಲೈಬ್ರರಿಯಲ್ಲಿ ಕೇಳಿ ನೋಡಿ.

ಇಂಗ್ಲಿಷ್ ಅಡ್ಡಹೆಸರುಗಳು ಹೆಚ್ಚುಕಮ್ಮಿ ನಾಲ್ಕು ಬಗೆ: ಊರು ಅಥವಾ ಜಾಗದ್ದು, ಕಸುಬಿನದು, ಅಪ್ಪನ ಹೆಸರಿನದು, ಅಡ್ಡ ಕರೆದದ್ದು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸುವುದೇ ಬೇಡ. ಬಾದಾಮಿ, ಬಡಿಗೇರ, ಮೆಣಸಿನಕಾಯಿ ಅನ್ನುವವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಆ ಕಾದಂಬರಿಕಾರನ ನಡುವಿನ ಹೆಸರು ಮೇಕ್‌ಪೀಸ್ ಕೂಡ ಮೂಲದಲ್ಲಿ ಹೀಗೆ ಅಡ್ಡ ಕರೆದದ್ದೇ, ರಾಜಿ ಮಾಡಿಸುವವನು ಅಂತ.

ಥ್ಯಾಕರೆ ಮೊದಲನೆಯ ಬಗೆ. ವೈಕಿಂಗರ ಹಳೇ ನಾರ್ಸ್ ಭಾಷೆಯಲ್ಲಿ 'ಥಾಕ್' ಅಂದರೆ ಮಾಡಿಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಅಂದರೆ ಮೂಲೆ, ಸಂದಿ. ಎರಡೂ ಸೇರಿದರೆ ಜೊಂಡು ಬೆಳೆಯುವ ಮೂಲೆ. ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಡಬ್ಲ್ಯೂ ಇದೇ ವ್ರಾದ್ದು. ಬೇರೆಯವರು ನಾಲಿಗೆಯಲ್ಲಿ ಸವೆಸಿಬಿಟ್ಟದ್ದನ್ನು ಥ್ಯಾಕ್‌ವ್ರೇ ಮನೆಯವರು ಕಾಗದದಲ್ಲಿ ಉಳಿಸಿಕೊಂಡಿದ್ದಾರೆ.

ಈ ಹೆಸರಿನ ಜಾಗ ನಿಜವಾಗಿ ಇತ್ತು, ವಾಶ್‌ಬರ್ನ್ ಕಣಿವೆಯ ಗ್ರೇಟ್ ಟಿಂಬಲ್ ಅನ್ನುವ ಹಳ್ಳಿಯ ವ್ಯಾಪ್ತಿಯಲ್ಲಿ. ನಕ್ಷೆಯಲ್ಲಿ ಹ್ಯಾಂಪ್ಸ್‌ತ್ವೇಟ್‌ಗೂ ಇದಕ್ಕೂ ನಡುವೆ ಕೆಲವೇ ಮೈಲಿ. ಹ್ಯಾಂಪ್ಸ್‌ತ್ವೇಟ್ ಅನ್ನುವುದರ ಕೊನೆಯ ತ್ವೇಟ್ ಕೂಡ ನಾರ್ಸ್ ಮಾತೇ, ಕಾಡು ಕಡಿದು ಮಾಡಿದ ಬಯಲು ಅಂತ. ನೋಡಿ, ಎಣಿಸಿ ಸಿಕ್ಕ ಜಾಗ, ಭಾಷೆ ತೋರಿಸಿದ ಜಾಗ, ಎರಡೂ ಒಂದೇ ಕಣಿವೆಗೆ ಬಂದು ನಿಂತಿವೆ. ಇವೆರಡು ಹೊಂದದಿದ್ದರೆ ನಾನು ನಿಘಂಟನ್ನೇ ಅನುಮಾನಿಸುತ್ತೇನೆ. ಹೆಸರು ಫ್ರೆಂಚ್ ಊರಿನಂತೆ ಕೇಳಿಸುತ್ತದೆ ಅಂತ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ದಂಡಯಾತ್ರೆಗೆ ತಗಲಿಸಿದ ಕಥೆಗಳು ಎಷ್ಟಿವೆಯೋ, ನಕ್ಷೆ ಮುಂದಿಟ್ಟರೆ ಬಹಳಷ್ಟು ನಿಲ್ಲುವುದಿಲ್ಲ.

ಹೆಜ್ಜೆ 7: ಎಲ್ಲರೂ ಒಂದೇ ಬಳ್ಳಿಯವರಾ?

ಹೆಸರು ಅಪರೂಪ, ಊರು ಒಂದೇ ಅಂದ ಮಾತ್ರಕ್ಕೆ ಎಲ್ಲರೂ ಒಬ್ಬನೇ ಅಜ್ಜನ ಮಕ್ಕಳಾಗಬೇಕಿಲ್ಲ. ಆದರೆ ಸಾಧ್ಯತೆ ಜಾಸ್ತಿ. ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್, ಅಡ್ಡಹೆಸರು, ಎರಡೂ ಒಂದೇ ದಾರಿ ಹಿಡಿಯುತ್ತವೆ. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಹೆಸರುಗಳ ಗಂಡಸರನ್ನು ಪರೀಕ್ಷಿಸಿ ನೋಡಿದರು. ಅಟೆನ್‌ಬರೋ ಅನ್ನುವ ಅಪರೂಪದ ಹೆಸರಿನವರಲ್ಲಿ ನೂರಕ್ಕೆ 87 ಜನ ಒಂದೇ ಬಳ್ಳಿ. ಸ್ಮಿತ್‌ಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಸ್ಮಿತ್ ಅಂದರೆ ಕಮ್ಮಾರ, ಊರೂರಿಗೆ ಒಬ್ಬ ಇದ್ದನಲ್ಲ.

ಈ ಪರೀಕ್ಷೆ ಮಾಡಿಸಲೇಬೇಕು ಅಂತಿಲ್ಲ. ಮಾಡಿಸುವುದಾದರೆ ಮನೆಯವರನ್ನು ಮೊದಲು ಕೇಳಿ. ಆ ಉಳಿದ 13 ಜನರ ಹಿಂದೆ ದತ್ತು ಇರುತ್ತದೆ, ತಾಯಿಯ ಮನೆ ಹೆಸರು ಇಟ್ಟುಕೊಂಡವರಿರುತ್ತಾರೆ, ಯಾರೂ ಬಾಯಿ ಬಿಡದ ವಿಷಯವೂ ಇರುತ್ತದೆ. ಕೆಲಸಕ್ಕೆ ಜೊತೆ ಬೇಕಿದ್ದರೆ ಒಂದೊಂದೇ ಹೆಸರು ಹಿಡಿದು ಹುಡುಕುವವರ ಸಂಘವೇ ಇದೆ, ಗಿಲ್ಡ್ ಆಫ್ ವನ್ ನೇಮ್ ಸ್ಟಡೀಸ್ ಅಂತ, 1979ರಲ್ಲಿ ಶುರುವಾದದ್ದು. ನಿಮ್ಮ ಹೆಸರನ್ನು ಆಗಲೇ ಯಾರಾದರೂ ಹಿಡಿದಿದ್ದಾರಾ ನೋಡಿ.

ಹೆಜ್ಜೆ 8: ನಮ್ಮ ನೆಲಕ್ಕೆ ಬಂದವರು

ಕನ್ನಡದವರಿಗೆ ಇದು ಮುಖ್ಯ. ಕಂಪನಿ ಕಾಲದಿಂದ ಇಲ್ಲಿನ ಚರ್ಚುಗಳ ದಾಖಲೆಯ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮದ್ರಾಸಿನದು 1698ರಿಂದ, ಬಾಂಬೆಯದು 1709ರಿಂದ, ಬಂಗಾಳದ್ದು 1713ರಿಂದ. ಯಾವ ಕಡತ ನೋಡಬೇಕು ಅನ್ನುವುದೇ ತಲೆನೋವು. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ಬೆಂಗಳೂರು ದಂಡಿನ ಚರ್ಚುಗಳೂ ಮದ್ರಾಸಿಗೇ. ಧಾರವಾಡ, ಬೆಳಗಾವಿ ಬಾಂಬೆಗೆ, ಆದರೆ ಕಂಪನಿ ಆಡಳಿತದ ಶುರುವಿನ ವರ್ಷಗಳಲ್ಲಿ ಅಲ್ಲಿ ಮದ್ರಾಸಿನ ಅಧಿಕಾರಿಗಳೂ ಇದ್ದರು, ಹಾಗಾಗಿ ಎರಡೂ ಕಡೆ ನೋಡಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘ, ಫಿಬಿಸ್ ಅಂತ ಕರೆಯುತ್ತಾರೆ, ಅವರ ತಾಣದಲ್ಲಿ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ಊರಿನ ಹಳೇ ಸ್ಮಶಾನಕ್ಕೆ ಹೋಗುವುದಾದರೆ ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ, ಸವೆದ ಅಕ್ಷರ ಆಗ ಎದ್ದು ಕಾಣುತ್ತದೆ. ಕಲ್ಲನ್ನು ಉಜ್ಜಬೇಡಿ, ಸುಣ್ಣ ಬಳಿಯಬೇಡಿ, ನೀರು ಚಿಮುಕಿಸಿದರೆ ಸಾಕು.

ಥ್ಯಾಕರೆ ಮನೆಯ ದಾರಿ ಹೀಗೆ. ಹ್ಯಾಂಪ್ಸ್‌ತ್ವೇಟ್‌ನಲ್ಲಿ 1693ರಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ ಓದಿ ಮುಂದೆ ಬಂದು 1746ರಲ್ಲಿ ಹ್ಯಾರೋ ಶಾಲೆಯ ಹೆಡ್‌ಮಾಸ್ಟರ್ ಆದ. ಅವನಿಗೆ 16 ಮಕ್ಕಳು. ಅವರಲ್ಲಿ ಕೊನೆಯವನು 1766ರಲ್ಲಿ ಕಂಪನಿ ನೌಕರಿಗೆ ಅಂತ ಕಲ್ಕತ್ತಾಗೆ ಬಂದ, ಸಿಲ್ಹೆಟ್‌ನಲ್ಲಿ ಆನೆ ಹಿಡಿಸಿ ಮಾರಿ ದುಡ್ಡು ಮಾಡಿ ವಾಪಸ್ ಹೋದ. ಅವನ ಮಗಂದಿರು ಮತ್ತೆ ಇಲ್ಲಿಗೇ ಬಂದರು. ಒಬ್ಬ ಕಲ್ಕತ್ತಾದಲ್ಲಿ ಕಾದಂಬರಿಕಾರನ ಅಪ್ಪನಾದ. ಇನ್ನೊಬ್ಬ ಧಾರವಾಡದಿಂದ ಹೊರಟು ಕಿತ್ತೂರಿನ ಕೋಟೆ ಬಾಗಿಲಿಗೆ ಬಂದ. ಲೀಡ್ಸ್‌ನ ಅಂಗಡಿಯ ಥ್ಯಾಕ್ರೆಗೂ ಇವರಿಗೂ ಏನು ಸಂಬಂಧ ಅಂತ ಗೆಳೆಯ ಈಗಲೂ ಕೇಳುತ್ತಾನೆ. ಕೊಂಡಿ ಒಂದೊಂದೇ ಕೂಡಿಸದೆ ಸಂಬಂಧ ಅಂತ ಬರೆಯಬಾರದು, ಅದೇ ಉತ್ತರ ನನ್ನದು. ಹೆಸರು ಒಂದೇ ಕಣಿವೆಯಿಂದ ಬಂದದ್ದು ಅಂತ ಮಾತ್ರ ಹೇಳಬಹುದು.

ಕೊನೆಗೆ, ಜಾಗ ನೋಡಿ

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಇಂಗ್ಲೆಂಡಿನ ಹಳೇ ಆರ್ಡ್‌ನೆನ್ಸ್ ಸರ್ವೆ (ಅಲ್ಲಿನ ಸರ್ಕಾರಿ ಭೂಮಾಪನ ಇಲಾಖೆ) ನಕ್ಷೆಗಳೂ ಇವೆ, ಉಚಿತ. ಯಾರ್ಕ್‌ಶೈರಿನದು 1840 ಮತ್ತು 1850ರ ದಶಕದಲ್ಲಿ ಅಳೆದದ್ದು. ಒಂದೊಂದು ಬೇಲಿ, ಒಂದೊಂದು ಮನೆ ಕಾಣುತ್ತದೆ. ಅದರ ಮೇಲೆ ಈಗಿನ ಉಪಗ್ರಹ ಚಿತ್ರ ಇಟ್ಟು, ಒಂದನ್ನು ಸರಿಸುತ್ತ ಇನ್ನೊಂದನ್ನು ನೋಡುವ ಸೌಲಭ್ಯ ಇದೆ. ನಾನು ವಾಶ್‌ಬರ್ನ್ ಕಣಿವೆಯನ್ನು ಹಾಗೆ ತೆಗೆದೆ. ಹಳೆಯದರಲ್ಲಿ ಹೊಲ, ಬೇಲಿ, ಹೊಳೆ. ಪಟ್ಟಿ ಸರಿಸಿದರೆ ಪೂರ್ತಿ ನೀರು. ಬಾಗಲಕೋಟೆಯ ಕಡೆಯವರಿಗೆ ಮುಳುಗಡೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕು ಅಂತ 1879ರಲ್ಲಿ ಫ್ಯೂಸ್ಟನ್ ಜಲಾಶಯ ಕಟ್ಟಿ ಮುಗಿಸಿದರು, ಆ ಜೊಂಡಿನ ಮೂಲೆ ಅದರ ಅಡಿಗೆ ಹೋಯಿತು.

ಎರಡೂ ಚಿತ್ರ ಗೆಳೆಯನಿಗೆ ಕಳಿಸಿದೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ನೋಡಿದ್ದಾನೆ. "ಅಂದ್ರ ನಾ ಇಷ್ಟು ವರ್ಷ ಚಾಕ್ಕ ಇಟ್ಟಿದ್ದು ಅವರ ಊರಿನ ನೀರು?" ಅಂತ ಬರೆದಿದ್ದ.